ಬೋರ್ಡು ಬದಲಾದವು, ಕೌಂಟರ್ ಅಲ್ಲೇ ಇದೆ

ಗಂಜ್‌ಗೆ, ಅಂದರೆ ದವಸದ ಮಾರುಕಟ್ಟೆಗೆ, ತೊಗರಿ ಬರುವ ದಿನಗಳಲ್ಲಿ ಕಲಬುರಗಿಯ ಯಾವುದಾದರೂ ಬ್ಯಾಂಕಿಗೆ ಹೋಗಿ ನೋಡಿ. "ರೊಕ್ಕ ಬಂತೇನ್ರಿ ಸಾಹೇಬ್ರ?" ಅಂತ ರೈತ ಪಾಸ್‌ಬುಕ್ ಚಾಚಿರುತ್ತಾನೆ. ಅದೇ ಹೊತ್ತಿಗೆ ಕ್ಲರ್ಕ್ ಮೊಬೈಲಿಗೆ ಮೇಲಿನವರ ಮೆಸೇಜ್: ಇವತ್ತು ಎಷ್ಟು ವಿಮೆ ಪಾಲಿಸಿ ಆಯ್ತು? ಬ್ಯಾಂಕಿನವರಿಗೆ ಕೆಲಸದ ಮೇಲೆ ಮನಸ್ಸಿಲ್ಲ ಅಂತ ಬೈಯುವುದು ಸುಲಭ. ಆ ಮನಸ್ಸು ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಿಜಾಮರ ಕಾಲದಲ್ಲಿ, 1941ರಲ್ಲಿ, ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿತು. 1956ರಲ್ಲಿ ಅದೇ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ಇಲ್ಲಿಯವರ ಬಾಯಲ್ಲಿ ಎಸ್‌ಬಿಎಚ್. ಹಳ್ಳಿಗಳಿಗೆ ಕೃಷ್ಣಾ ಗ್ರಾಮೀಣ ಬ್ಯಾಂಕ್ ಇತ್ತು, ಅದರ ಪ್ರಧಾನ ಕಚೇರಿಯೂ ಕಲಬುರಗಿಯಲ್ಲೇ. 2013ರಲ್ಲಿ ಅದು ಪ್ರಗತಿ ಕೃಷ್ಣಾ ಆಗಿ ಬಳ್ಳಾರಿಗೆ ಹೋಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಇದರೊಳಗೆ ಸೇರಿತು. ಎಸ್‌ಬಿಎಚ್ 2017ರ ಏಪ್ರಿಲ್ 1ರಂದೇ ಎಸ್‌ಬಿಐನಲ್ಲಿ ಕರಗಿತ್ತು. ನೌಕರ ಕೂತ ಕುರ್ಚಿ ಅದೇ, ತಲೆಯ ಮೇಲಿನ ಬೋರ್ಡು ಮಾತ್ರ ಬೇರೆ. ಯಾರ ಮನೆಯವರು ನಾವು ಅನ್ನೋ ಪ್ರಶ್ನೆ ಬರದೇ ಇರುತ್ತಾ?

ಕೆಲಸದಲ್ಲಿ ಮನಸ್ಸು ನಿಲ್ಲಬೇಕಾದರೆ ಏನು ಬೇಕು ಅಂತ ವಿಲಿಯಂ ಕಾನ್ ಎಂಬ ಅಮೆರಿಕದ ಸಂಶೋಧಕ 1990ರಲ್ಲಿ ಮೂರು ವಿಷಯ ಹೇಳಿದ್ದರು. ಮಾಡುವ ಕೆಲಸಕ್ಕೆ ಅರ್ಥ ಇರಬೇಕು, ಭಯವಿಲ್ಲದೆ ಮಾತಾಡುವಂತಿರಬೇಕು, ಮೈಮನಸ್ಸಿನಲ್ಲಿ ಕಸುವು ಉಳಿದಿರಬೇಕು. ಸಾಲದ ತೀರ್ಮಾನಗಳು ಶಾಖೆಯಿಂದ ಮೇಲಿನ ಕೇಂದ್ರಗಳಿಗೆ ಹೋಗುತ್ತಾ ಬಂದಂತೆ ಮೊದಲನೆಯದು ಸೊರಗಿತು ಅಂತ ನನಗನಿಸುತ್ತದೆ. ಹಳೆಯ ಪದ್ಧತಿಯೂ ಚಿನ್ನವೇನಲ್ಲ ಬಿಡಿ, ಆಗ ಸಾಹುಕಾರರಿಗೇ ಬೇಗ ಸಾಲ ಸಿಗುತ್ತಿತ್ತು. 2014ರ ಜನಧನ್, 2016ರ ನೋಟು ರದ್ದತಿ ಬಂದಾಗ ಕೌಂಟರ್ ಸಿಬ್ಬಂದಿಯ ಕಸುವು ಎಲ್ಲಿ ಹೋಯಿತು ಅಂತ ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಎದುರು ಮಾತಾಡುವ ಧೈರ್ಯ, ವರ್ಗಾವಣೆ ಭಯ ಇರುವ ತನಕ ಕಷ್ಟ.

ಪಕ್ಕಪಕ್ಕದ ಕೌಂಟರ್‌ಗಳ ನಡುವೆ ಇನ್ನೊಂದು ಬಿರುಕೂ ಇದೆ. 2010ರ ಏಪ್ರಿಲ್ 1ರಿಂದ ಈಚೆಗೆ ಸರ್ಕಾರಿ ಬ್ಯಾಂಕ್ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಸಂಬಳದಿಂದ ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಸಿಗುವ ಎನ್‌ಪಿಎಸ್ ಮಾತ್ರ. ಕೆಲಸ ಒಂದೇ, ಮುಪ್ಪು ಬೇರೆ ಬೇರೆ. ನೌಕರರ ಸಂಘಟನೆಗಳ ಜೊತೆ ಆದ 2024ರ ಮಾರ್ಚ್ ಒಪ್ಪಂದದಲ್ಲಿ ಸಂಬಳಕ್ಕೆ ಶೇ 17 ಏರಿಕೆ ಸಿಕ್ಕಿತು. ವಾರಕ್ಕೆ ಐದೇ ದಿನ ಕೆಲಸ ಅನ್ನೋದಕ್ಕೆ ಬ್ಯಾಂಕ್ ಆಡಳಿತಗಳ ಸಂಘವೂ (ಐಬಿಎ) ಒಪ್ಪಿತು, ಆದರೆ ಅದನ್ನು ಸರ್ಕಾರದ ಒಪ್ಪಿಗೆಗೆ ಬಿಟ್ಟಿತು.