ಪರಮಾಣು, ಎಲೆಕ್ಟ್ರಾನ್ ಎಲ್ಲ ಗೊತ್ತಿರುವಾಗ ಇನ್ನೇನು ಸಂಶೋಧನೆ?

ಪ್ರಶ್ನೆ: ವಸ್ತುಗಳೆಲ್ಲ ಪರಮಾಣುಗಳಿಂದ ಆಗಿವೆ, ಕರೆಂಟ್ ಅಂದರೆ ಎಲೆಕ್ಟ್ರಾನ್‌ಗಳ ಹರಿವು. ಇಷ್ಟು ಗೊತ್ತಿದ್ದ ಮೇಲೂ ಘನವಸ್ತುಗಳ ಭೌತವಿಜ್ಞಾನಿಗಳು ಜೀವನವಿಡೀ ಏನು ಹುಡುಕುತ್ತಾರೆ?

ಉತ್ತರ: ಬಿ.ಎಸ್ಸಿ. ಮುಗಿಸಿ ಮುಂದೇನು ಅಂತ ಯೋಚಿಸುವವರು ಇದನ್ನು ಜಾಸ್ತಿ ಕೇಳುತ್ತಾರೆ. ವಜ್ರವೂ ಕಾರ್ಬನ್, ಪೆನ್ಸಿಲ್ ಕಡ್ಡಿಯ ಗ್ರಾಫೈಟೂ ಕಾರ್ಬನ್. ವಜ್ರದಲ್ಲಿ ಕರೆಂಟ್ ಹರಿಯುವುದಿಲ್ಲ, ಗ್ರಾಫೈಟ್‌ನಲ್ಲಿ ಹರಿಯುತ್ತದೆ. ಪರಮಾಣು ಒಂದೇ, ಜೋಡಣೆ ಬೇರೆ. ಒಂಟಿ ಎಲೆಕ್ಟ್ರಾನ್‌ನ ನಡತೆಯನ್ನು ಲೆಕ್ಕ ಹಾಕಬಹುದು. ಆದರೆ ಎಣಿಸಲಾಗದಷ್ಟು ಎಲೆಕ್ಟ್ರಾನ್‌ಗಳು ಒಂದು ಜೋಡಣೆಯೊಳಗೆ ಒಟ್ಟಿಗೆ ಇದ್ದಾಗ ಏನು ಮಾಡುತ್ತವೆ? ಅದನ್ನು ಕೂತಲ್ಲೇ ಊಹಿಸಲು ಆಗದು. ಆ ವಸ್ತುವನ್ನೇ ಕೇಳಬೇಕು.

ಕಾರ್ಬನ್ ಒಂದನ್ನೇ ಹೀಗೆ ಐವತ್ತಕ್ಕೂ ಹೆಚ್ಚು ವರ್ಷ ಕೇಳುತ್ತಾ ಹೋದವರು ಅಮೆರಿಕದ ಭೌತವಿಜ್ಞಾನಿ ಮಿಲ್ಡ್ರೆಡ್ ಡ್ರೆಸೆಲ್‌ಹಾಸ್. ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕ್‌ನ ಬಡ ವಲಸಿಗರ ಮನೆಯಲ್ಲಿ. ಶಾಲಾ ಟೀಚರ್ ಆಗೋಣ ಅಂತ ಹಂಟರ್ ಕಾಲೇಜು ಸೇರಿದ್ದರು. ನೀನು ವಿಜ್ಞಾನಿಯಾಗು ಅಂತ ಹುರಿದುಂಬಿಸಿದವರು ಅಲ್ಲಿ ಪಾಠ ಮಾಡುತ್ತಿದ್ದ ರೋಸಲಿನ್ ಯಾಲೋ. ಮುಂದೆ 1977ರಲ್ಲಿ ಯಾಲೋ ಅವರಿಗೇ ನೊಬೆಲ್ ಬಂತು.

ಮಿಲ್ಡ್ರೆಡ್ 1958ರಲ್ಲಿ ಶಿಕಾಗೋದಲ್ಲಿ ಪಿಎಚ್.ಡಿ. ಮುಗಿಸಿದರು. ವಿಷಯ ಸೂಪರ್‌ಕಂಡಕ್ಟರ್, ಅಂದರೆ ತುಂಬಾ ತಣ್ಣಗಾದಾಗ ಯಾವ ತಡೆಯೂ ಇಲ್ಲದೆ ಕರೆಂಟ್ ಹರಿಸುವ ವಸ್ತು. 1960ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿಂಕನ್ ಲ್ಯಾಬ್ ಸೇರಿದ ಮೇಲೆ ಆ ವಿಷಯವನ್ನು ಬಿಡಬೇಕಾಯಿತು. ಆಗ ಅವರು ಹಿಡಿದದ್ದು ಗ್ರಾಫೈಟ್. ಅದು ಕಷ್ಟದ ವಸ್ತು, ಅದರ ಮೇಲೆ ಕೆಲಸ ಮಾಡುವವರೂ ಬಹಳ ಕಡಿಮೆ. ಮನೆಯಲ್ಲಿ ಚಿಕ್ಕ ಮಕ್ಕಳು. ಮಗುವಿಗೆ ಹುಷಾರಿಲ್ಲ ಅಂತ ಒಂದು ವಾರ ರಜೆ ಹಾಕಿದರೂ ಬೇರೆ ಯಾರೋ ಮುಂದೆ ಓಡಿಬಿಡುವ ಭಯ ಇಲ್ಲಿ ಇರಲಿಲ್ಲ. ಈ ಕಾರಣವನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ನನಗೆ ಅವರ ಬಗ್ಗೆ ಗೌರವ ಹೆಚ್ಚಾಗಿದ್ದೇ ಇಲ್ಲಿ. ವಿಷಯ ಆರಿಸುವಾಗ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ತಪ್ಪಲ್ಲ ಅಂತ ಯಾರಾದರೂ ಹುಡುಗಿಯರಿಗೆ ಹೇಳಬೇಕು ಅಲ್ವಾ?

ಅವರ ವಿಧಾನ ಹೀಗಿತ್ತು. ಗ್ರಾಫೈಟ್ ಹರಳನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು, ಬೆಳಕು ಬಿಟ್ಟು, ಅದು ಹೇಗೆ ಪ್ರತಿಫಲಿಸುತ್ತದೆ ಅಂತ ಅಳೆಯುವುದು. ಎಲೆಕ್ಟ್ರಾನ್‌ಗಳಿಗೆ ಒಳಗೆ ಯಾವ ಶಕ್ತಿಮಟ್ಟಗಳಲ್ಲಿ ಜಾಗ ಇದೆ ಅನ್ನುವುದು ಇದರಿಂದ ತಿಳಿಯುತ್ತದೆ. ಲೇಸರ್ ಆಗಿನ್ನೂ ಹೊಸದು. ಲೇಸರ್ ಬಳಸಿ ಸಹೋದ್ಯೋಗಿಗಳ ಜೊತೆ ಅಳೆದಾಗ, ಗ್ರಾಫೈಟ್‌ನಲ್ಲಿ ಎಲೆಕ್ಟ್ರಾನ್‌ಗಳ ಜಾಗ ಯಾವುದು, ಎಲೆಕ್ಟ್ರಾನ್ ಖಾಲಿ ಬಿಟ್ಟ ‘ಹೋಲ್’ಗಳ ಜಾಗ ಯಾವುದು ಅಂತ ಎಲ್ಲರೂ ನಂಬಿದ್ದದ್ದು ಅದಲುಬದಲಾಗಿತ್ತು ಅಂತ ಗೊತ್ತಾಯಿತು. 1968ರಲ್ಲಿ ಅದನ್ನು ಪ್ರಕಟಿಸಿದರು. ಅದೇ ವರ್ಷ ಎಂಐಟಿಯಲ್ಲಿ ಕಾಯಂ ಪ್ರೊಫೆಸರ್ ಆದರು. ಆಮೇಲೆ ಗ್ರಾಫೈಟ್ ಪದರಗಳ ನಡುವೆ ಬೇರೆ ಪರಮಾಣುಗಳನ್ನು ತೂರಿಸಿ ಏನಾಗುತ್ತದೆ ಅಂತ ನೋಡುವ ಕೆಲಸಕ್ಕೆ ವರ್ಷಗಳೇ ಹಿಡಿದವು.

ಕಾರ್ಬನ್ ನ್ಯಾನೋಟ್ಯೂಬ್ ಸುದ್ದಿಯಾಗಿದ್ದು 1991ರಲ್ಲಿ. ಗ್ರಾಫೈಟ್‌ನ ಒಂದೇ ಒಂದು ಪದರವನ್ನು ಚಾಪೆಯಂತೆ ಸುತ್ತಿದರೆ ಆಗುವ, ಸುಮಾರು ಒಂದು ನ್ಯಾನೋಮೀಟರ್ (ಮೀಟರ್‌ನ ನೂರು ಕೋಟಿಯಲ್ಲಿ ಒಂದು ಪಾಲು) ಅಗಲದ ಕೊಳವೆ ಅಂದುಕೊಳ್ಳಿ. 1992ರಲ್ಲಿ ಮಿಲ್ಡ್ರೆಡ್, ಅವರ ಗಂಡ ಜೀನ್ ಮತ್ತು ಜಪಾನಿನ ಸಹೋದ್ಯೋಗಿಗಳು ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಯಾವ ಕೋನದಲ್ಲಿ, ಎಷ್ಟು ಅಗಲಕ್ಕೆ ಸುತ್ತುತ್ತೀರಿ ಅನ್ನುವುದರ ಮೇಲೆ ಕೊಳವೆ ಲೋಹದಂತೆ ಕರೆಂಟ್ ಹರಿಸುತ್ತದೋ ಅಥವಾ ಅರೆವಾಹಕ (ಸೆಮಿಕಂಡಕ್ಟರ್) ಆಗುತ್ತದೋ ನಿರ್ಧಾರವಾಗುತ್ತದೆ. ಯಾಕೆ? ಎಲೆಕ್ಟ್ರಾನ್‌ಗೆ ಅಲೆಯ ಗುಣವಿದೆ. ಕೊಳವೆಯನ್ನು ಒಂದು ಸುತ್ತು ಬಂದಾಗ ಆ ಅಲೆ ತನಗೆ ತಾನೇ ಸರಿಯಾಗಿ ಕೂಡಿಕೊಳ್ಳಬೇಕು. ಹಾಗೆ ಕೂಡುವ ಅಲೆಗಳಿಗೆ ಮಾತ್ರ ಅಲ್ಲಿ ಜಾಗ. ಕರೆಂಟ್ ಸಲೀಸಾಗಿ ಹರಿಸುವ ಅಲೆಯೂ ಅವುಗಳ ಪೈಕಿ ಇದ್ದರೆ ಅದು ಲೋಹ, ಇಲ್ಲದಿದ್ದರೆ ಅರೆವಾಹಕ. ಎಲ್ಲ ಬಗೆಯ ಸುತ್ತುಗಳನ್ನೂ ಲೆಕ್ಕಕ್ಕೆ ಹಿಡಿದರೆ ಮೂರರಲ್ಲಿ ಒಂದು ಪಾಲು ಲೋಹ. 1998ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ಎರಡು ತಂಡಗಳು ಬಿಡಿ ಬಿಡಿ ಕೊಳವೆಗಳನ್ನು ಅಳೆದು ಇದು ಸರಿ ಅಂತ ತೋರಿಸಿದವು.

ಬೇರೆ ಪರಮಾಣು ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ, ಸುತ್ತುವ ರೀತಿ ಬದಲಾಯಿತು ಅಷ್ಟೆ. ಈ ಲೆಕ್ಕ ಅವರಿಗೆ ಸುಮ್ನೆ ಹೊಳೆದಿದ್ದಲ್ಲ. ಗ್ರಾಫೈಟ್‌ನಲ್ಲಿ ಎಲೆಕ್ಟ್ರಾನ್‌ಗಳ ಜಾಗ ಎಲ್ಲಿ ಅನ್ನುವುದನ್ನು ಮೂವತ್ತು ವರ್ಷಗಳಿಂದ ಅಳೆಯುತ್ತಾ ಬಂದಿದ್ದರಿಂದಲೇ ಹೊಸ ಕೊಳವೆಯ ಬಗ್ಗೆ ಅಷ್ಟು ಬೇಗ ಹೇಳಲು ಸಾಧ್ಯವಾಯಿತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದೇ ಕೊಳವೆಗಳ ಮೇಲೆ ಕೆಲಸ ನಡೆದಿದೆ. ನ್ಯಾನೋಟ್ಯೂಬ್‌ಗಳ ಮೇಲೆ ದ್ರವ ಹರಿದರೆ ವೋಲ್ಟೇಜ್ ಹುಟ್ಟುತ್ತದೆ ಅಂತ ಅಜಯ್ ಸೂದ್ ಅವರ ತಂಡ 2003ರಲ್ಲಿ ತೋರಿಸಿತು.

ಮಿಲ್ಡ್ರೆಡ್‌ಗೆ 2012ರಲ್ಲಿ ನ್ಯಾನೋವಿಜ್ಞಾನಕ್ಕೆ ಕೊಡುವ ಕಾವ್ಲಿ ಪ್ರಶಸ್ತಿ ಬಂತು. 2017ರ ಫೆಬ್ರವರಿಯಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಎಂಐಟಿಯಲ್ಲೇ ಇನ್ನೊಂದು ತಂಡ ಕಾರ್ಬನ್‌ನ ಎರಡು ಪದರಗಳನ್ನು ಒಂದರ ಮೇಲೊಂದಿಟ್ಟು ಸುಮಾರು 1.1 ಡಿಗ್ರಿ ತಿರುಗಿಸಿತು. ಬಹಳ ಕಡಿಮೆ ಉಷ್ಣತೆಯಲ್ಲಿ ಅದು ಸೂಪರ್‌ಕಂಡಕ್ಟರ್ ಆಯಿತು. ಅಷ್ಟು ಸಣ್ಣ ತಿರುವಿಗೆ ಹಾಗೆ ಯಾಕೆ ಆಗುತ್ತದೆ ಅನ್ನುವುದರ ಬಗ್ಗೆ ಭೌತವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಏನು ಹುಡುಕುತ್ತಾರೆ ಅಂತ ಕೇಳಿದಿರಲ್ಲ, ಇದನ್ನೇ.