ಉಪ್ಪು ನೀರು ಅಂದರೆ ಯಾವ ಉಪ್ಪು?

"ಮೇಡಂ, ನಿಮ್ಮ ಸೋಪಲ್ಲಿ ನೊರೆನೇ ಬರ್ತಿಲ್ಲ." ಎಣ್ಣೆಯಿಂದ ಲಿಕ್ವಿಡ್ ಸೋಪು ಮಾಡಿ ಮಾರುವ ನನಗೆ ಇಂಥ ಫೋನುಗಳೇ ಜಾಸ್ತಿ. ಯಾವ ನೀರು ಅಂತ ಕೇಳಿದರೆ, "ಬೋರ್‌ವೆಲ್, ಉಪ್ಪು ನೀರು" ಅನ್ನುತ್ತಾರೆ. ತೊಡಕಿರುವುದು ಆ ಹೆಸರಲ್ಲೇ. ಕೋಲಾರದ ಕಡೆ ಬೋರ್ ನೀರಲ್ಲಿ ಸಾಮಾನ್ಯವಾಗಿ ಸೋಪನ್ನು ಕೆಡಿಸುವುದು ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅದು ಗಡಸು ನೀರು. ಕರಾವಳಿಯಲ್ಲಿ ಸಮುದ್ರದ ನೀರು ನುಗ್ಗಿದ ಬಾವಿಯದ್ದು ನಿಜವಾದ ಉಪ್ಪು ನೀರು. ಎರಡಕ್ಕೂ ಮದ್ದು ಬೇರೆ.

ಗಡಸು ನೀರಿಗೆ ಹಾಕಿದ ಸೋಪು ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟಂಟಾಗಿ ಬೂದು ಪಟ್ಟಿ ಕೂರುತ್ತದಲ್ವಾ, ಅದೇ ಇದು. ಟವೆಲ್ ಒರಟಾಗುವುದಕ್ಕೂ ಇದೇ ಕಾರಣ. ಲೀಟರಿಗೆ 500 ಮಿಲಿಗ್ರಾಂ ಗಡಸುತನ ಇರುವ 20 ಲೀಟರ್ ನೀರು, ನೊರೆ ಬರುವ ಮೊದಲೇ ಸುಮಾರು 60 ಗ್ರಾಂ ಸೋಪು ನುಂಗುತ್ತದೆ. ಲಿಕ್ವಿಡ್ ಸೋಪಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದರಿಂದ ಒಂದು ಲೋಟ ಸುಮ್ನೆ ಹೋದ ಹಾಗೆ. ಅಷ್ಟೇ ಗಡಸುತನಕ್ಕೆ ವಾಷಿಂಗ್ ಸೋಡಾ ಪುಡಿ 11 ಗ್ರಾಂ ಸಾಕು. ಅದಕ್ಕೇ ಸೋಪು ಜಾಸ್ತಿ ಸುರಿಯಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮೊದಲು ಸೋಡಾ ಕರಗಿಸಿ, ಹತ್ತು ನಿಮಿಷ ಬಿಡಿ, ಆಮೇಲೆ ಸೋಪು. ಇದು ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆ, ಉಣ್ಣೆ, ಅಲ್ಯೂಮಿನಿಯಂ ಪಾತ್ರೆಗೆ ಬೇಡ. ಆ ನೀರನ್ನು ಗಿಡಕ್ಕೂ ಹಾಕಬೇಡಿ.

ನಿಮ್ಮದು ಯಾವ ನೀರು ಅಂತ ತಿಳಿಯಲು ಎರಡು ಬಾಟಲಿ ಸಾಕು. ಎರಡಕ್ಕೂ ಅರ್ಧ ನೀರು ತುಂಬಿ. ಒಂದಕ್ಕೆ ಮಾತ್ರ ಚಿಟಿಕೆ ಸೋಡಾ ಹಾಕಿ, ಸ್ವಲ್ಪ ಹೊತ್ತು ಬಿಡಿ. ಎರಡಕ್ಕೂ ಹತ್ತು ಹನಿ ಸೋಪು ಹಾಕಿ ಕುಲುಕಿ. ಸೋಡಾ ಹಾಕಿದ್ದರಲ್ಲಿ ನೊರೆ ನಿಂತು, ಇನ್ನೊಂದು ಹಾಲಿನಂತೆ ಬೆಳ್ಳಗಾದರೆ ಅದು ಗಡಸು ನೀರು. ಎರಡರಲ್ಲೂ ನೊರೆ ಏಳದೆ ಸೋಪು ಮೊಸರೊಡೆದಂತೆ ಬೇರಾದರೆ ಉಪ್ಪಿನದೇ ಕಾಟ.

ಉಪ್ಪಿಗೆ ಸೋಡಾ ಕೆಲಸ ಮಾಡಲ್ಲ. ಅಲ್ಲಿ ತೆಂಗಿನೆಣ್ಣೆಯ ಸೋಪು ಬಳಸಿ. ಬೇರೆ ಎಣ್ಣೆಗಳ ಸೋಪು ಸೋಲುವ ಸಮುದ್ರದ ನೀರಲ್ಲೂ ಅದು ನೊರೆ ಕೊಡುತ್ತದೆ. ಅದೂ ಆಗದಿದ್ದರೆ ಅಂಟುವಾಳ ಕಾಯಿ ನೆನೆಸಿ. ಅದರ ನೊರೆ ಕ್ಯಾಲ್ಸಿಯಂ ಜೊತೆ ಗಸಿ ಕಟ್ಟುವುದಿಲ್ಲ.

ತಲೆಗೆ ಮಾತ್ರ ಸೋಡಾ ಬೇಡವೇ ಬೇಡ. ಮಳೆಗಾಲದಲ್ಲಿ ಚಾವಣಿ ನೀರು ಒಂದು ಡ್ರಮ್ ಹಿಡಿದಿಟ್ಟುಕೊಳ್ಳಿ. ತಲೆ ಸ್ನಾನಕ್ಕೆ ಅದರಲ್ಲಿ ಅರ್ಧ ಬಕೆಟ್ ಸಾಕು.