ತಾಲ್ಲೂಕು ಶವಾಗಾರದ ಡಾಕ್ಟರಿಗೆ ಕಲಿಸುವವರು ಯಾರು?

ಅಸಹಜ ಸಾವಾದರೆ ನಮ್ಮ ದೇಶದಲ್ಲಿ ಶವ ಪಂಚನಾಮೆ ಸಾಮಾನ್ಯವಾಗಿ ಪೊಲೀಸರದು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ತೀರಿಕೊಂಡರೆ ತಹಶೀಲ್ದಾರರು ಬರುತ್ತಾರೆ, ಕಸ್ಟಡಿ ಸಾವಾದರೆ ನ್ಯಾಯಾಂಗ ಮ್ಯಾಜಿಸ್ಟ್ರೇಟರು. ಮುಂಬಯಿಯಲ್ಲಿ ಇದಕ್ಕೆಂದೇ ಕೊರೋನರ್ ಇದ್ದರು. 1999ರಲ್ಲಿ ಆ ಹುದ್ದೆಯೂ ಹೋಯಿತು.

ಮರಣೋತ್ತರ ಪರೀಕ್ಷೆ (ಪಿಎಂ) ಮಾಡುವ ವೈದ್ಯರ ಸರದಿ ಆಮೇಲೆ. ಮೆಡಿಕಲ್ ಕಾಲೇಜು ಇರುವ ಊರಾದರೆ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ (ನ್ಯಾಯವೈದ್ಯಶಾಸ್ತ್ರ) ಮೂರು ವರ್ಷದ ಎಂಡಿ ಮುಗಿಸಿದವರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಒಪಿಡಿ ಮುಗಿಸಿ ಶವಾಗಾರಕ್ಕೆ ಓಡುವವರು ಡ್ಯೂಟಿ ಡಾಕ್ಟರು. 2021ರ ನಿಯಮದಂತೆ, ಎಂಬಿಬಿಎಸ್ ಓದಿ ತರಬೇತಿಯಲ್ಲಿರುವ ಹೌಸ್‌ಸರ್ಜನ್‌ಗೆ ಫೊರೆನ್ಸಿಕ್ ವಿಭಾಗದಲ್ಲಿ ಸಿಗುವುದು ಒಂದೇ ವಾರ. ಆ ವಾರ ನೇಣಿನ ಕೇಸು ಬಾರದಿದ್ದರೆ, ಮೊದಲ ನೇಣಿನ ಶವವನ್ನು ಅವರು ತಾಲ್ಲೂಕಿನಲ್ಲೇ ಕೊಯ್ಯಬೇಕು, ಪಕ್ಕದಲ್ಲಿ ಹೇಳಿಕೊಡುವವರಿಲ್ಲದೆ.

ಇದು ಸಣ್ಣ ಸಂಗತಿಯಲ್ಲ. ನೇಣಿನ ಶವದಲ್ಲಿ ಕುತ್ತಿಗೆಯನ್ನು ಕೊನೆಗೆ ಬಿಡಿಸಬೇಕು. ಮೊದಲು ಬುರುಡೆ ತೆರೆದು ಮೆದುಳು, ಬಳಿಕ ಎದೆ, ಹೊಟ್ಟೆಯ ಅಂಗಗಳನ್ನು ತೆಗೆದರೆ ಕುತ್ತಿಗೆಯ ನಾಳಗಳಲ್ಲಿ ನಿಂತ ರಕ್ತ ಇಳಿದುಹೋಗುತ್ತದೆ. ಆಮೇಲೆ ಸ್ನಾಯುಗಳನ್ನು ಒಂದೊಂದೇ ಪದರವಾಗಿ ಬಿಡಿಸುತ್ತಾ ನಾಲಿಗೆಯ ಬುಡದ ಹಯಾಯ್ಡ್ ಮೂಳೆಯವರೆಗೆ ಹೋಗಬೇಕು. ಆತುರಪಟ್ಟು ಕುತ್ತಿಗೆಗೇ ಮೊದಲು ಕತ್ತರಿ ಹಾಕಿದರೆ ರಕ್ತ ಸುತ್ತಲೂ ಸೋರಿ, ಆತ್ಮಹತ್ಯೆಯೂ ಕತ್ತು ಹಿಸುಕಿದ ಕೊಲೆಯಂತೆ ಕಾಣಬಹುದು. ಏನೂ ಮಾಡದ ಗಂಡನೋ ಅತ್ತೆಯೋ ಜೈಲು ಸೇರಲು ಅಷ್ಟು ಸಾಕು.

ವಿಷದ ಅನುಮಾನವಿದ್ದರೆ ಜಠರ, ಯಕೃತ್ತು, ಮೂತ್ರಪಿಂಡದ ಭಾಗಗಳು ಸಾಮಾನ್ಯವಾಗಿ ಗಾಢ ಉಪ್ಪುನೀರಿನ ಬಾಟಲಿಗಳಲ್ಲಿ ಸೀಲಾಗಿ ಪೊಲೀಸರ ಮೂಲಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗುತ್ತವೆ. ಇವೆಲ್ಲ ಬೇರೆ ಬೇರೆ ಇಲಾಖೆಯವು: ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದು, ಸರ್ಕಾರಿ ಕಾಲೇಜು ವೈದ್ಯಕೀಯ ಶಿಕ್ಷಣ ಇಲಾಖೆಯದು, ಎಫ್‌ಎಸ್‌ಎಲ್ ಗೃಹ ಇಲಾಖೆಯದು. ಎಫ್‌ಎಸ್‌ಎಲ್‌ನಿಂದ ವರದಿ ಬರುವ ತನಕ ಸಾವಿನ ಕಾರಣದ ಅಂತಿಮ ಅಭಿಪ್ರಾಯ ಬಾಕಿ. ಅಷ್ಟರಲ್ಲಿ ಪಿಎಂ ಮಾಡಿದ ಡಾಕ್ಟರಿಗೆ ವರ್ಗವೂ ಆಗಿರುತ್ತದೆ. ಸಮನ್ಸ್ ಬಂದಾಗ ಹೊಸ ಊರಿನಿಂದ ಹಳೆಯ ಕೋರ್ಟಿಗೆ ಓಡಬೇಕು.

2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಪರಾಧ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಏಳು ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಇದೇ ಐದು ವರ್ಷದಲ್ಲಿ ಪ್ರತಿ ಜಿಲ್ಲಾಸ್ಪತ್ರೆಗೂ ಒಬ್ಬ ಫೊರೆನ್ಸಿಕ್ ಎಂಡಿ ಬೇಕು. ತಾಲ್ಲೂಕಿನ ಡಾಕ್ಟರುಗಳನ್ನು ಸರದಿಯಂತೆ ಹತ್ತಿರದ ಕಾಲೇಜಿನ ಶವಾಗಾರಕ್ಕೆ ಕರೆಸಿ, ಕೈಹಿಡಿದು ಕಲಿಸಬೇಕು. ಹಾಗೆ ಬಂದ ದಿನಗಳನ್ನು ರಜೆಗೆ ಹಾಕದೆ ಡ್ಯೂಟಿ ಎಂದೇ ಬರೆಯಬೇಕು.